«ಒಂದು ಮತ, ಒಂದು ಮೌಲ್ಯ»: 1949ರ ನವೆಂಬರ್ 25ರ ಭಾಷಣದಲ್ಲಿ ಅಲಂಕಾರ ಮಾಡಿದ ಕೆಲಸ

ಸಂವಿಧಾನವನ್ನು ಅಂಗೀಕರಿಸುವುದಕ್ಕೆ ಒಂದು ದಿನ ಉಳಿದಿರುವಾಗ, 1949ರ ನವೆಂಬರ್ 25ರಂದು, ಕರಡು ಸಮಿತಿಯ ಅಧ್ಯಕ್ಷ ಡಾ. ಬಿ.ಆರ್. ಅಂಬೇಡ್ಕರ್ ದೆಹಲಿಯ ಸಂವಿಧಾನ ಸಭೆಯಲ್ಲಿ ಮೂರನೆಯ ವಾಚನದ, ಅಂದರೆ ಕರಡಿನ ಕೊನೆಯ ಹಂತದ, ಚರ್ಚೆಗೆ ಉತ್ತರ ಕೊಡಲು ಎದ್ದು ನಿಂತರು. ಇಂಥ ಹೊತ್ತು ಸಾಮಾನ್ಯವಾಗಿ ಕೃತಜ್ಞತೆಗೂ ಸಂತೋಷಕ್ಕೂ ಮೀಸಲು. ಮೂರು ವರ್ಷಗಳ ದುಡಿಮೆ ಮುಗಿದಿತ್ತು. ಮೂಲಭೂತ ಹಕ್ಕುಗಳ ಅಧ್ಯಾಯ ಸಿದ್ಧವಾಗಿತ್ತು. ಅಸ್ಪೃಶ್ಯತೆಯನ್ನು ರದ್ದುಪಡಿಸುವ ವಿಧಿಗೆ ಹಿಂದಿನ ವರ್ಷದ ನವೆಂಬರಿನಲ್ಲೇ ಸಭೆಯ ಒಪ್ಪಿಗೆ ದೊರೆತಿತ್ತು. ಪ್ರತಿಯೊಬ್ಬ ವಯಸ್ಕನಿಗೂ ಮತದಾನದ ಹಕ್ಕು ಖಚಿತವಾಗಿತ್ತು. ಇಷ್ಟನ್ನು ಕಟ್ಟಿಕೊಟ್ಟ ಸಮಿತಿಯ ಅಧ್ಯಕ್ಷರು ಅದರ ಹಿರಿಮೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ತಾವೇ ಬರೆದ ಹಕ್ಕುಗಳು ಯಾವ ನೆಲದ ಮೇಲೆ ನಿಲ್ಲಬೇಕಾಗಿದೆಯೋ ಆ ನೆಲ ಇನ್ನೂ ಗಟ್ಟಿಯಾಗಿಲ್ಲವೆಂದು, ಅದೇ ಸಭೆಯ ಮುಂದೆ, ಹಬ್ಬದ ಮುನ್ನಾದಿನದಂದು ಹೇಳಿದರು.

ಹಕ್ಕುಗಳ ಬಗ್ಗೆ ಮಾಡುವ ರಾಜಕೀಯ ಭಾಷಣದಲ್ಲಿ ಅಲಂಕಾರಕ್ಕೆ ಏನು ಕೆಲಸ ಎಂಬ ಪ್ರಶ್ನೆಗೆ ಈ ಭಾಷಣಕ್ಕಿಂತ ಒಳ್ಳೆಯ ಪ್ರಕರಣ ನನಗೆ ತಿಳಿದಿಲ್ಲ. ಅಲಂಕಾರವೆಂದರೆ ಹೇಳಬೇಕಾದ ವಿಷಯಕ್ಕೆ ಆಮೇಲೆ ತೊಡಿಸುವ ಒಡವೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ರಾಜಕಾರಣಿಗಳ ಮಾತನ್ನು ಕೇಳಿ ಕೇಳಿ ಅದು ಇನ್ನಷ್ಟು ಬಲಿತಿದೆ. ಈ ಭಾಷಣದಲ್ಲಿ ಅಲಂಕಾರವನ್ನು ತೆಗೆದರೆ ವಾದವೂ ಕುಸಿಯುತ್ತದೆ. ಕಾಗದದ ಮೇಲಿನ ಹಕ್ಕಿಗೂ ಬದುಕಿನ ವಾಸ್ತವಕ್ಕೂ ನಡುವಿನ ಅಂತರವನ್ನು ಕಿವಿಗೆ ಕೇಳಿಸುವಂತೆ ಮಾಡುವುದು ಅವರ ಉದ್ದೇಶವಾಗಿತ್ತು, ಮತ್ತು ಆ ಕೆಲಸ ವಾಕ್ಯದ ಕಟ್ಟಡದಿಂದಲೇ ನಡೆಯಬೇಕಿತ್ತು. ಭಾಷಣ ನಡೆದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಬರುವ ಮಾತುಗಳ ಕನ್ನಡ ರೂಪ ನನ್ನದು.

ಅಂಕಿಗಳಿಂದ ಆರಂಭ

ಭಾಷಣದ ಮೊದಲ ಭಾಗ ಒಣ ಲೆಕ್ಕಪತ್ರದಂತಿದೆ. 1946ರ ಡಿಸೆಂಬರ್ 9ರಂದು ಸಭೆ ಮೊದಲು ಸೇರಿ ಎರಡು ವರ್ಷ, ಹನ್ನೊಂದು ತಿಂಗಳು, ಹದಿನೇಳು ದಿನಗಳಾಗಿವೆ. ಹನ್ನೊಂದು ಅಧಿವೇಶನಗಳು ನಡೆದಿವೆ. ಒಟ್ಟು 165 ದಿನಗಳಲ್ಲಿ 114 ದಿನ ಕರಡಿನ ಚರ್ಚೆಗೇ ಹೋಗಿದೆ. ಸೂಚಿಸಿದ ತಿದ್ದುಪಡಿಗಳು ಸುಮಾರು 7,635, ಸದನದಲ್ಲಿ ಮಂಡನೆಯಾದವು 2,473. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳು ತಮ್ಮ ಸಂವಿಧಾನಕ್ಕೆ ತೆಗೆದುಕೊಂಡ ಕಾಲವನ್ನೂ ಅವರು ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಸಭೆ ಕಾಲಹರಣ ಮಾಡಿತೆಂಬ ಟೀಕೆಗೆ ಇದು ಉತ್ತರ. ‘ಡ್ರಾಫ್ಟಿಂಗ್’ ಸಮಿತಿಯನ್ನು ‘ಡ್ರಿಫ್ಟಿಂಗ್’, ಅಂದರೆ ಅಲೆದಾಡುವ, ಸಮಿತಿ ಎಂದು ಶಬ್ದಚಮತ್ಕಾರದಿಂದ ಹಂಗಿಸಿದ ಸದಸ್ಯರಿಗೂ ಅವರು ಇಲ್ಲೇ ಉತ್ತರಿಸುತ್ತಾರೆ. ಈ ಲೆಕ್ಕಕ್ಕೆ ಇನ್ನೊಂದು ಪ್ರಯೋಜನವೂ ಇದೆ. ದಿನಗಳನ್ನೂ ತಿದ್ದುಪಡಿಗಳನ್ನೂ ಎಣಿಸಿ ಹೇಳುವವನ ಬಾಯಿಂದ ಮುಂದೆ ಭಯದ ಮಾತು ಬಂದಾಗ, ಅದನ್ನು ಭಾವಾವೇಶವೆಂದು ತಳ್ಳಿಹಾಕುವುದು ಕೇಳುಗರಿಗೆ ಸುಲಭವಲ್ಲ.

ನಂತರ ಬರುವುದು ಶ್ರೇಯಸ್ಸಿನ ಹಂಚಿಕೆ. ಪರಿಶಿಷ್ಟ ಜಾತಿಗಳ ಹಿತ ಕಾಯುವುದಕ್ಕಿಂತ ದೊಡ್ಡ ಆಸೆಯನ್ನೇನೂ ಇಟ್ಟುಕೊಂಡು ತಾವು ಈ ಸಭೆಗೆ ಬಂದಿರಲಿಲ್ಲವೆಂದು ಅಂಬೇಡ್ಕರ್ ಹೇಳುತ್ತಾರೆ. ತಮಗೆ ಸಲ್ಲಿಸಿದ ಹೊಗಳಿಕೆಯ ಒಂದು ಪಾಲು ಸಂವಿಧಾನ ಸಲಹೆಗಾರ ಸರ್ ಬಿ.ಎನ್. ರಾವ್ ಅವರದೆಂದೂ, ದೊಡ್ಡ ಪಾಲು ಮುಖ್ಯ ಕರಡುಕಾರ ಎಸ್.ಎನ್. ಮುಖರ್ಜಿ ಅವರದೆಂದೂ ಒಪ್ಪಿಸುತ್ತಾರೆ. ಬೆನೆಗಲ್ ನರಸಿಂಗ ರಾಯರು ನಮ್ಮ ಕರಾವಳಿಯ ಮನೆತನದವರು ಎಂಬುದನ್ನು ಕನ್ನಡ ಓದುಗರಿಗೆ ನೆನಪಿಸಬಹುದು. ಸಭೆಯಲ್ಲಿ ಶಿಸ್ತು ಇಲ್ಲದಿದ್ದರೆ ಅದು ಗಾರೆಯಿಲ್ಲದೆ ಇಲ್ಲೊಂದು ಕರಿಗಲ್ಲು ಅಲ್ಲೊಂದು ಬಿಳಿಗಲ್ಲು ಇಟ್ಟ ನೆಲಹಾಸಿನಂತಾಗುತ್ತಿತ್ತು ಎಂಬ ಹೋಲಿಕೆಯೂ ಈ ಭಾಗದಲ್ಲಿದೆ. ಕಟ್ಟಡದ ಈ ರೂಪಕ ಮುಂದೆ ಇನ್ನೊಮ್ಮೆ, ಬೇರೆ ಅರ್ಥದಲ್ಲಿ ಬರುತ್ತದೆ.

ಅದೇ ವಾಚನದ ಸಂದರ್ಭದಲ್ಲಿ ಮೈಸೂರಿನ ಪ್ರತಿನಿಧಿ, ಮುಂದೆ ಆ ರಾಜ್ಯದ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಒಂದು ಮಾತು ಹೇಳಿದ್ದರು: ನಮಗೆ ವೀಣೆಯ ಅಥವಾ ಸಿತಾರಿನ ಸಂಗೀತ ಬೇಕಿತ್ತು, ಇಲ್ಲಿ ಇರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ. ಆ ರೂಪಕ ಸುಂದರವಾಗಿದೆ, ಇಂದಿಗೂ ನೆನಪಿನಲ್ಲಿ ಉಳಿದಿದೆ. ಅದು ವಾದ್ಯದ ಕುರಿತ ಮಾತು. ಅಂಬೇಡ್ಕರ್ ಕೇಳಿದ್ದು ನುಡಿಸುವವರ ಕುರಿತ ಪ್ರಶ್ನೆ. ಸಂವಿಧಾನದ ಗುಣದೋಷಗಳಿಗೆ ತಾವು ಹೋಗುವುದಿಲ್ಲವೆಂದು ಹೇಳಿ ಅವರು ಕೊಟ್ಟ ಕಾರಣ ಇದು: ಸಂವಿಧಾನ ಎಷ್ಟೇ ಒಳ್ಳೆಯದಿರಲಿ, ಅದನ್ನು ನಡೆಸುವವರು ಕೆಟ್ಟವರಾದರೆ ಅದು ಕೆಟ್ಟದಾಗುತ್ತದೆ, ಎಷ್ಟೇ ಕೆಟ್ಟದಿರಲಿ, ನಡೆಸುವವರು ಒಳ್ಳೆಯವರಾದರೆ ಅದು ಒಳ್ಳೆಯದಾಗುತ್ತದೆ. ಎರಡು ವಾಕ್ಯಗಳು ತಕ್ಕಡಿಯ ಎರಡು ತಟ್ಟೆಗಳಂತೆ ನಿಲ್ಲುತ್ತವೆ, ಭಾರ ಮಾತ್ರ ಎರಡು ಸಲವೂ ಮನುಷ್ಯನ ಕಡೆಗೇ ಬೀಳುತ್ತದೆ.

ಒಂದೇ ದಿನಾಂಕ, ಮೂರು ಸಲ

«ಇಲ್ಲಿಗೆ ನಾನು ಮುಗಿಸಬಹುದಿತ್ತು» ಎಂದು ಅವರು ಹೇಳುವ ಜಾಗದಿಂದ ನಿಜವಾದ ಭಾಷಣ ಶುರುವಾಗುತ್ತದೆ. ಇಲ್ಲಿಂದ ಮುಂದಿನ ಇಡೀ ಭಾಗವನ್ನು ಹಿಡಿದು ನಿಲ್ಲಿಸಿರುವುದು ಒಂದು ದಿನಾಂಕ. 1950ರ ಜನವರಿ 26ರಂದು ಭಾರತ ಸ್ವತಂತ್ರ ದೇಶವಾಗುತ್ತದೆ ಎಂಬುದು ಮೊದಲ ಸಲ. ಅಧಿಕೃತ ವರದಿಯಲ್ಲಿ ಈ ವಾಕ್ಯಕ್ಕೆ ಸಭೆಯ ಹರ್ಷೋದ್ಗಾರ ದಾಖಲಾಗಿದೆ. ಆ ದಿನ ಭಾರತ ಪ್ರಜಾಪ್ರಭುತ್ವದ ದೇಶವಾಗುತ್ತದೆ, ಜನರ, ಜನರಿಂದ, ಜನರಿಗಾಗಿ ನಡೆಯುವ ಸರ್ಕಾರ ಅದಕ್ಕಿರುತ್ತದೆ ಎಂಬುದು ಎರಡನೆಯ ಸಲ. ಎರಡೂ ಸಲ ಹರ್ಷದ ಬೆನ್ನಿಗೇ ಅದೇ ಪ್ರಶ್ನೆ ಬರುತ್ತದೆ: ಇದನ್ನು ನಾವು ಉಳಿಸಿಕೊಳ್ಳುತ್ತೇವೆಯೇ, ಮತ್ತೊಮ್ಮೆ ಕಳೆದುಕೊಳ್ಳುತ್ತೇವೆಯೇ? ಮೂರನೆಯ ಸಲ ಆ ದಿನಾಂಕ ಬರುವ ಹೊತ್ತಿಗೆ ಕೇಳುಗರ ಕಿವಿ ಒಂದು ಲಯಕ್ಕೆ ಒಗ್ಗಿರುತ್ತದೆ: ದಿನಾಂಕ, ಸಂತೋಷದ ಘೋಷಣೆ, ಪ್ರಶ್ನೆ. ಆ ಲಯವನ್ನು ಅಂಬೇಡ್ಕರ್ ಅಲ್ಲಿ ಮುರಿಯುತ್ತಾರೆ. 1950ರ ಜನವರಿ 26ರಂದು ನಾವು ವೈರುಧ್ಯಗಳ ಬದುಕನ್ನು ಪ್ರವೇಶಿಸಲಿದ್ದೇವೆ ಎನ್ನುತ್ತಾರೆ. ಹರ್ಷಕ್ಕೆ ಎಡೆಯೇ ಇಲ್ಲ. ಘೋಷಣೆಯಿರಬೇಕಾದ ಜಾಗದಲ್ಲಿ ಆರೋಪ ಕುಳಿತಿದೆ.

ಪುನರುಕ್ತಿಯನ್ನು ದೋಷವೆಂದು ಎಣಿಸುವ ನಮ್ಮ ಕಾವ್ಯವಿಚಾರ, ಅದೇ ಪದ ಅದೇ ಅರ್ಥದಲ್ಲಿ ಮರಳಿ ಬಂದರೂ ತಾತ್ಪರ್ಯ ಬೇರೆಯಾದರೆ ಅದನ್ನು ಲಾಟಾನುಪ್ರಾಸವೆಂದು ಅಲಂಕಾರದ ಸಾಲಿಗೆ ಸೇರಿಸುತ್ತದೆ. ಈ ದಿನಾಂಕದ ಮೂರು ಬರುವಿಕೆಗಳಿಗೆ ಅದಕ್ಕಿಂತ ಹತ್ತಿರದ ಹೆಸರು ನನಗೆ ಹೊಳೆಯುವುದಿಲ್ಲ. ಅಂಕಿ ಅದೇ, ತಿಂಗಳು ಅದೇ. ಮೊದಲನೆಯದು ಹಬ್ಬದ ದಿನ, ಮೂರನೆಯದು ಸಾಲದ ಗಡುವು.

ಆ ಮೂರನೆಯ ಭಾಗವೇ ಮಾನವ ಹಕ್ಕುಗಳ ದೃಷ್ಟಿಯಿಂದ ಭಾಷಣದ ತಿರುಳು. ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಹಾಗೂ ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ. ರಾಜಕೀಯದಲ್ಲಿ ಒಬ್ಬ ಮನುಷ್ಯನಿಗೆ ಒಂದು ಮತ, ಒಂದು ಮತಕ್ಕೆ ಒಂದು ಮೌಲ್ಯ ಎಂಬ ತತ್ತ್ವವನ್ನು ಒಪ್ಪುತ್ತೇವೆ. ಸಾಮಾಜಿಕ ಹಾಗೂ ಆರ್ಥಿಕ ಬದುಕಿನಲ್ಲಿ ಒಬ್ಬ ಮನುಷ್ಯನಿಗೆ ಒಂದು ಮೌಲ್ಯ ಎಂಬ ತತ್ತ್ವವನ್ನು ನಿರಾಕರಿಸುತ್ತಲೇ ಇರುತ್ತೇವೆ. ಇದು ಸರಪಳಿಯಂತೆ ಹೆಣೆದ ಮಾತು: ಮನುಷ್ಯನಿಂದ ಮತಕ್ಕೆ, ಮತದಿಂದ ಮೌಲ್ಯಕ್ಕೆ ಕೊಂಡಿ ಬೀಳುತ್ತದೆ. ಮೂರನೆಯ ಮಾತಿನಲ್ಲಿ ನಡುವಿನ ಕೊಂಡಿಯನ್ನು ತೆಗೆದು, ಮೊದಲನೆಯದನ್ನೂ ಕೊನೆಯದನ್ನೂ ನೇರವಾಗಿ ಎದುರುಬದುರು ನಿಲ್ಲಿಸುತ್ತಾರೆ. ಮತಪೆಟ್ಟಿಗೆಯ ಮುಂದೆ ನಿಂತಾಗ ಮಾತ್ರ ಮನುಷ್ಯನಿಗೆ ಬೆಲೆ, ಅಲ್ಲಿಂದ ಈಚೆ ಬಂದರೆ ಇಲ್ಲ ಎಂಬ ಅನ್ಯಾಯವನ್ನು ಒಂದು ಪದದ ಗೈರುಹಾಜರಿಯೇ ತೋರಿಸಿಬಿಡುತ್ತದೆ. ಹಕ್ಕು ಮತ್ತು ಅದರ ನಿರಾಕರಣೆ ಎರಡನ್ನೂ ಅದೇ ಪದಗಳಲ್ಲಿ ಹೇಳಿದ್ದರಿಂದ ಆ ಅಂತರಕ್ಕೆ ಸಬೂಬು ಹೇಳುವ ದಾರಿಯೂ ಮುಚ್ಚಿಹೋಗುತ್ತದೆ.

ಕನ್ನಡಕ್ಕೆ ತರುವಾಗ ಈ ವಾಕ್ಯ ಇನ್ನೊಂದು ರೀತಿಯಲ್ಲಿ ತೊಡಕುತ್ತದೆ, ಆ ತೊಡಕನ್ನು ಇಲ್ಲಿ ಹೇಳಲೇಬೇಕು. ನಮ್ಮ ಭಾಷೆಯಲ್ಲಿ ಮತವೆಂದರೆ ಓಟೂ ಹೌದು, ಧರ್ಮವೂ ಹೌದು, ಅಭಿಪ್ರಾಯವೂ ಹೌದು. ಇದೇ ಭಾಷಣದಲ್ಲಿ, ಮೊದಲ ಜನವರಿ 26ರ ಬೆನ್ನಿಗೆ, ಭಾರತೀಯರು ದೇಶವನ್ನು ತಮ್ಮ ಪಂಥಕ್ಕಿಂತ ಮೇಲಿಡುತ್ತಾರೋ, ಪಂಥವನ್ನು ದೇಶಕ್ಕಿಂತ ಮೇಲಿಡುತ್ತಾರೋ ಎಂದು ಅಂಬೇಡ್ಕರ್ ಕೇಳುತ್ತಾರೆ. ಆ ಪಂಥಕ್ಕೂ ಕನ್ನಡದಲ್ಲಿ ಸಹಜವಾಗಿ ಬರುವ ಪದ ಮತವೇ. ಒಂದೇ ಪದ ಒಂದು ಕಡೆ ಸಮಾನತೆಯ ಸಾಧನ, ಇನ್ನೊಂದು ಕಡೆ ಒಡಕಿನ ಕಾರಣ. ಮೌಲ್ಯ ಎಂಬ ಪದವೂ ನಮ್ಮಲ್ಲಿ ನೀತಿಯ ಕಡೆಗೆ ವಾಲಿದೆ. ಬೆಲೆ ಎಂದರೆ ಅರ್ಥ ಹೆಚ್ಚು ನೇರವಾಗುತ್ತದೆ, ಏಕೆಂದರೆ «ಮನುಷ್ಯನಿಗೆ ಬೆಲೆಯೇ ಇಲ್ಲ» ಎಂದು ಅವಮಾನ ಉಂಡವರು ದಿನವೂ ಹೇಳುವುದು ಆ ಪದದಲ್ಲಿಯೇ. ಇನ್ನು ‘ಒಬ್ಬ ಮನುಷ್ಯ’ ಎಂದರೆ ಗಂಡಸೊಬ್ಬನೇ ಕಣ್ಣಮುಂದೆ ಬರುತ್ತಾನೆ. ಇದೇ ಸಂವಿಧಾನ ಸಭೆಯ ಸದಸ್ಯೆ ಹಂಸಾ ಮೆಹ್ತಾ ಅವರು ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿದ್ದ ಪುರುಷವಾಚಕವನ್ನು ಬದಲಿಸಿ ‘ಎಲ್ಲ ಮಾನವರು’ ಎಂದಾಗುವಂತೆ ನೋಡಿಕೊಂಡಿದ್ದರು. ಆ ಘೋಷಣೆ 1948ರ ಡಿಸೆಂಬರ್ 10ರಂದು ಅಂಗೀಕಾರವಾಯಿತು. ಅದರ ಹಿಂದಿನ ದಿನವೇ ದೆಹಲಿಯಲ್ಲಿ ಅಂಬೇಡ್ಕರ್, ಹಕ್ಕುಗಳ ರಕ್ಷಣೆಗೆ ಸುಪ್ರೀಂ ಕೋರ್ಟಿಗೆ ನೇರವಾಗಿ ಹೋಗಲು ಅವಕಾಶ ಕೊಡುವ ವಿಧಿಯನ್ನು, ಇಂದಿನ 32ನೆಯ ವಿಧಿಯನ್ನು, ಸಂವಿಧಾನದ ಆತ್ಮ, ಅದರ ಹೃದಯ ಎಂದು ಕರೆದಿದ್ದರು. ಈ ಹಿನ್ನೆಲೆಯಿಟ್ಟುಕೊಂಡು ‘ಒಬ್ಬರಿಗೆ ಒಂದು ಮತ, ಒಬ್ಬರಿಗೆ ಒಂದು ಬೆಲೆ’ ಎಂದು ಕನ್ನಡಿಸುವುದು ಮೂಲಕ್ಕೆ ದ್ರೋಹವಾಗದು ಎಂದುಕೊಳ್ಳುತ್ತೇನೆ.

ಆಮೇಲೆ ಎರಡು ಪ್ರಶ್ನೆಗಳು. ಈ ವೈರುಧ್ಯಗಳ ಬದುಕನ್ನು ಎಷ್ಟು ಕಾಲ ಬದುಕುತ್ತೇವೆ? ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಸಮಾನತೆಯನ್ನು ಎಷ್ಟು ಕಾಲ ನಿರಾಕರಿಸುತ್ತೇವೆ? ನಮ್ಮ ಹಿರಿಯರು ಕಾಕು ಎಂದು ಕರೆದದ್ದು ಇದನ್ನೇ: ದನಿಯ ತಿರುವಿನಲ್ಲಿ ಪ್ರಶ್ನೆಯೇ ಉತ್ತರವನ್ನು ಹೊತ್ತು ತರುತ್ತದೆ. ಆದರೆ ಅಂಬೇಡ್ಕರ್ ಉತ್ತರವನ್ನು ಕೇಳುಗರ ಊಹೆಗೆ ಬಿಡುವುದಿಲ್ಲ. ಬಹುಕಾಲ ನಿರಾಕರಿಸಿದರೆ ರಾಜಕೀಯ ಪ್ರಜಾಪ್ರಭುತ್ವವನ್ನೇ ಅಪಾಯಕ್ಕೆ ಒಡ್ಡುತ್ತೇವೆ. ಅಸಮಾನತೆಯಿಂದ ನರಳುವವರು ಈ ಸಭೆ ಇಷ್ಟು ಶ್ರಮದಿಂದ ಕಟ್ಟಿದ ಕಟ್ಟಡವನ್ನು ಸ್ಫೋಟಿಸಿಬಿಡುತ್ತಾರೆ. ಮೊದಲ ಭಾಗದಲ್ಲಿ ಗಾರೆ ಮತ್ತು ಕಲ್ಲಿನ ಹೋಲಿಕೆಯಾಗಿದ್ದದ್ದು ಇಲ್ಲಿ ಮರಳಿ ಬಂದಿದೆ. ಆಗ ಅದು ಸಭೆಯ ಶಿಸ್ತಿಗೆ ಸಂದ ಹೊಗಳಿಕೆ, ಈಗ ಅದೇ ಕಟ್ಟಡದ ಬುಡದಲ್ಲಿ ಮದ್ದು. 114 ದಿನಗಳ ಲೆಕ್ಕವನ್ನು ಮೊದಲೇ ಕೇಳಿದ್ದ ಸಭೆಗೆ ‘ಇಷ್ಟು ಶ್ರಮದಿಂದ’ ಎಂಬ ಮಾತು ಬರಿಯ ವಿಶೇಷಣವಾಗಿ ಕೇಳಿರಲಾರದು.

ಪೊಲೀಸ್ ಪೇದೆ ಮತ್ತು ಬಣ್ಣದ ಲೇಪ

ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಪದಗಳು ಆ ಹೊತ್ತಿಗಾಗಲೇ ಲೋಕವೆಲ್ಲ ಬಳಸಿ ಸವೆದಿದ್ದವು. ಅವನ್ನು ಪ್ರತ್ಯೇಕಿಸಿದರೆ ಏನಾಗುತ್ತದೆಂದು ಅಂಬೇಡ್ಕರ್ ಒಂದೊಂದಾಗಿ ತೋರಿಸುತ್ತಾರೆ. ಸಮಾನತೆಯಿಲ್ಲದ ಸ್ವಾತಂತ್ರ್ಯ ಹಲವರ ಮೇಲೆ ಕೆಲವರ ಯಜಮಾನಿಕೆಯಾಗುತ್ತದೆ. ಸ್ವಾತಂತ್ರ್ಯವಿಲ್ಲದ ಸಮಾನತೆ ವ್ಯಕ್ತಿಯ ಹುರುಪನ್ನು ಕೊಲ್ಲುತ್ತದೆ. ಭ್ರಾತೃತ್ವವಿಲ್ಲದಿದ್ದರೆ ಉಳಿದೆರಡೂ ಸಹಜ ನಡೆಯಾಗಲಾರವು, ಅವನ್ನು ಜಾರಿ ಮಾಡಲು ಒಬ್ಬ ಪೊಲೀಸ್ ಪೇದೆ ಬೇಕಾಗುತ್ತಾನೆ. ಮೂರು ಎತ್ತರದ ತತ್ತ್ವಗಳ ಬೆನ್ನಿಗೆ ದಿಢೀರನೆ ಬಂದು ನಿಲ್ಲುವ ಆ ಪೇದೆ ಈ ಭಾಷಣದ ಅತ್ಯಂತ ನಿಖರವಾದ ಚಿತ್ರವೆಂದು ನನಗೆ ಅನಿಸುತ್ತದೆ. ಅಸ್ಪೃಶ್ಯತೆ ಅಪರಾಧವೆಂದು ಬರೆದಾಯಿತು. ದೂರು ಕೊಟ್ಟರೆ ಪೇದೆ ಬಂದು ದೇವಸ್ಥಾನದ ಬಾಗಿಲು ತೆಗೆಸಬಹುದು. ಅವನು ಹಿಂತಿರುಗಿದ ಮೇಲೆ ಆ ಬಾಗಿಲು ತೆರೆದೇ ಇರುತ್ತದೆಯೇ ಎಂಬುದನ್ನು ಕಾನೂನು ಹೇಳಲಾರದು. ಹಕ್ಕಿನ ಭಾಷೆಯ ಮಿತಿಯನ್ನು ಹಕ್ಕುಗಳನ್ನು ಬರೆದವರೇ ಒಂದು ಪದದಲ್ಲಿ ಒಪ್ಪಿಕೊಂಡದ್ದು ಹೀಗೆ. ಸಭೆ ಆರಂಭದಲ್ಲಿ ಅಂಗೀಕರಿಸಿದ ಉದ್ದೇಶಗಳ ನಿರ್ಣಯದಲ್ಲಿ ಭ್ರಾತೃತ್ವದ ಮಾತಿರಲಿಲ್ಲ. ಪ್ರಸ್ತಾವನೆಗೆ ಅದನ್ನು ಸೇರಿಸಿದ್ದು ಕರಡು ಸಮಿತಿ.

ಭ್ರಾತೃತ್ವವಿಲ್ಲದ ಸಮಾನತೆ ಮತ್ತು ಸ್ವಾತಂತ್ರ್ಯ ಬಣ್ಣದ ಲೇಪಕ್ಕಿಂತ ಆಳಕ್ಕೆ ಇಳಿಯುವುದಿಲ್ಲ ಎಂಬ ಉಪಮೆಯೂ ಇಲ್ಲೇ ಬರುತ್ತದೆ. ಒಂದು ವರ್ಷದ ಹಿಂದೆ, 1948ರ ನವೆಂಬರ್ 4ರಂದು ಕರಡನ್ನು ಮಂಡಿಸುವಾಗ, ಭಾರತದಲ್ಲಿ ಪ್ರಜಾಪ್ರಭುತ್ವವೆಂಬುದು ಮೂಲತಃ ಪ್ರಜಾಪ್ರಭುತ್ವವಲ್ಲದ ಮಣ್ಣಿನ ಮೇಲೆ ಚೆಲ್ಲಿದ ಮೇಲುಗೊಬ್ಬರ ಎಂದು ಅವರು ಹೇಳಿದ್ದರು. ಮೇಲುಗೊಬ್ಬರ ಕಾಲಕ್ರಮದಲ್ಲಿ ಮಣ್ಣಿಗಿಳಿಯುತ್ತದೆ. ಬಣ್ಣ ಎಂದೂ ಗೋಡೆಯೊಳಗೆ ಇಳಿಯುವುದಿಲ್ಲ. ಒಂದು ವರ್ಷದಲ್ಲಿ ಅವರ ಆತಂಕ ಹೆಚ್ಚಿತೇ ಎಂದು ಎರಡು ಉಪಮೆಗಳಿಂದ ತೀರ್ಮಾನಿಸುವುದು ಅವಸರವಾದೀತು. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ಆ ವ್ಯತ್ಯಾಸವಂತೂ ಮನಸ್ಸನ್ನು ತಟ್ಟುತ್ತದೆ. ಸಾವಿರಾರು ಜಾತಿಗಳಾಗಿ ಒಡೆದ ಜನ ರಾಷ್ಟ್ರವಾಗುವುದು ಹೇಗೆ ಎಂದು ಕೇಳಿ, ಜಾತಿಗಳು ರಾಷ್ಟ್ರವಿರೋಧಿ ಎಂದು ಕೆಲವೇ ಪದಗಳಲ್ಲಿ ಮುಗಿಸುವ ವಾಕ್ಯವೂ ಇದರ ಹತ್ತಿರವೇ ಇದೆ. ಅಲ್ಲಿ ಯಾವ ಅಲಂಕಾರವೂ ಇಲ್ಲ.

ಕತ್ತರಿಸಿ ಉಳಿದ ಮಾತುಗಳು

ಈ ಭಾಷಣದಿಂದ ಜನರ ಬಾಯಲ್ಲಿ ಹೆಚ್ಚು ಉಳಿದಿರುವುದು ಎರಡು ನುಡಿಗಟ್ಟುಗಳು, ಮತ್ತು ಎರಡೂ ಅರ್ಧದಷ್ಟೇ ಉಳಿದಿವೆ. ಮೊದಲನೆಯದು ‘ಅರಾಜಕತೆಯ ವ್ಯಾಕರಣ’. ನಿಯಮವೇ ಇಲ್ಲದ ಸ್ಥಿತಿಗೆ ನಿಯಮಶಾಸ್ತ್ರವೊಂದನ್ನು ಜೋಡಿಸಿದ ವಿರೋಧಾಭಾಸ ಇದು. ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಇನ್ನು ಬಿಡಬೇಕೆಂದು ಹೇಳುವಾಗ ಅಂಬೇಡ್ಕರ್ ಇದನ್ನು ಬಳಸಿದರು, ಮತ್ತು ಇಂದು ಯಾವುದೇ ಪ್ರತಿಭಟನೆಯನ್ನು ಹಳಿಯಲು ಇದನ್ನು ಎತ್ತಿ ಹಿಡಿಯುವವರಿದ್ದಾರೆ. ಅದಕ್ಕೆ ಮುಂಚಿನ ವಾಕ್ಯವನ್ನು ಅವರು ಓದುವುದಿಲ್ಲ. ಸಂವಿಧಾನಬದ್ಧ ದಾರಿಗಳು ಇಲ್ಲದಿದ್ದಾಗ ಇತರ ದಾರಿಗಳಿಗೆ ಬಹಳಷ್ಟು ಸಮರ್ಥನೆಯಿತ್ತು. ಆ ದಾರಿಗಳು ತೆರೆದಿರುವಲ್ಲಿ ಸಮರ್ಥನೆಯಿಲ್ಲ ಎಂಬುದು ಅವರ ಮಾತು. ಷರತ್ತು ಅಲ್ಲಿದೆ: ದಾರಿ ತೆರೆದಿರಬೇಕು. ಇದನ್ನು ಹೇಳಿದವರು 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ, 1930ರಲ್ಲಿ ನಾಸಿಕದ ಕಾಳಾರಾಮ ದೇವಾಲಯದ ಪ್ರವೇಶಕ್ಕಾಗಿ ಸತ್ಯಾಗ್ರಹ ನಡೆಸಿದವರು ಎಂಬುದನ್ನು ಮರೆತು ಈ ನುಡಿಗಟ್ಟನ್ನು ಬಳಸುವುದು ಅವರಿಗೆ ಮಾಡುವ ಅನ್ಯಾಯ.

ಎರಡನೆಯದು ಭಕ್ತಿಯ ಮಾತು. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು. ರಾಜಕೀಯದಲ್ಲಿ ಭಕ್ತಿ ಅಥವಾ ವ್ಯಕ್ತಿಪೂಜೆ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ಖಚಿತವಾದ ದಾರಿ. ಇಂಗ್ಲಿಷ್ ಭಾಷಣದ ನಡುವೆ ಭಕ್ತಿ ಎಂಬ ದೇಶೀಯ ಪದವನ್ನೇ ಇಟ್ಟದ್ದು, ‘ದಾರಿ’ ಎಂಬ ಪದವನ್ನು ಎರಡು ಸಲ ಬಳಸಿ ಎರಡು ದಿಕ್ಕಿಗೆ ತಿರುಗಿಸಿದ್ದು, ಎರಡೂ ಎಚ್ಚರದ ಆಯ್ಕೆಗಳು. ಶರಣರ ನಾಡಿನಲ್ಲಿ ಭಕ್ತಿಯೆಂದರೆ ಮೇಲುಕೀಳನ್ನು ಪ್ರಶ್ನಿಸಿದ ಶಕ್ತಿಯೂ ಹೌದು. ಆದ್ದರಿಂದ ಕನ್ನಡದ ಕಿವಿಗೆ ವಾಕ್ಯದ ಮೊದಲರ್ಧವೂ ಮುಖ್ಯ. ಉಲ್ಲೇಖಿಸುವವರು ಬಿಡುವುದು ಸಾಮಾನ್ಯವಾಗಿ ಅದನ್ನೇ.

ಭಾಷಣದ ಎಲ್ಲ ಭಾಗಗಳೂ ಒಂದೇ ಬಲದವಲ್ಲ. ದೇಶ ಹಿಂದೆ ಸ್ವಾತಂತ್ರ್ಯ ಕಳೆದುಕೊಂಡದ್ದು ತನ್ನವರ ದ್ರೋಹದಿಂದ ಎಂದು ತೋರಿಸಲು ಸಿಂಧ್‌ನ ದೊರೆ ದಾಹಿರನ ಸೇನಾನಿಗಳಿಂದ 1857ರ ಸಿಖ್ಖರವರೆಗೆ ಸಾಲುಗಟ್ಟಿಸಿದ ದೃಷ್ಟಾಂತಗಳು ವೇಗವಾಗಿ ಸಾಗುತ್ತವೆ, ಆದರೆ ವೇಗದಲ್ಲಿ ಇತಿಹಾಸ ತೆಳುವಾಗುತ್ತದೆ. ಆ ಸಾಲಿನಲ್ಲೇ ಬರುವ, ಪೃಥ್ವೀರಾಜನ ಮೇಲೆ ದಂಡೆತ್ತಲು ಜಯಚಂದ್ರ ಮಹಮ್ಮದ್ ಘೋರಿಯನ್ನು ಕರೆಸಿದನೆಂಬುದನ್ನು ಇತಿಹಾಸಕಾರರು ಹೆಚ್ಚಾಗಿ ದಂತಕಥೆಯೆಂದೇ ಕಾಣುತ್ತಾರೆ. 1857ರಲ್ಲಿ ಸಿಖ್ಖರು ಸುಮ್ಮನಿದ್ದದ್ದನ್ನು ಅಳೆಯುವಾಗ, ಕೇವಲ ಎಂಟು ವರ್ಷ ಹಿಂದೆ ಪಂಜಾಬನ್ನು ಕಂಪನಿ ನುಂಗಿದ್ದು, ಈಗ ದಂಗೆಯೆದ್ದ ಅದೇ ಬಂಗಾಳ ಸೇನೆಯ ಸಿಪಾಯಿಗಳ ಬಲದಿಂದ ಎಂಬುದನ್ನು ಮರೆಯಬಾರದು. ಐರಿಷ್ ನಾಯಕ ಓಕಾನಲ್‌ನಿಂದ ಎತ್ತಿದ ಮಾತಿನಲ್ಲಿ ಗಂಡಿನ ಗೌರವ, ಹೆಣ್ಣಿನ ಶೀಲ, ರಾಷ್ಟ್ರದ ಸ್ವಾತಂತ್ರ್ಯ ಎಂದು ಕಟ್ಟಿದ ತ್ರಿಕವೂ ಹಿಂದೂ ವಿವಾಹ, ಉತ್ತರಾಧಿಕಾರದ ಕಾನೂನನ್ನು ಸುಧಾರಿಸುವ ಹಿಂದೂ ಸಂಹಿತೆ ಮಸೂದೆಗಾಗಿ ಹೋರಾಡಿದವರ ಬಾಯಲ್ಲಿ ಸ್ವಲ್ಪ ಅಳುಕು ಹುಟ್ಟಿಸುತ್ತದೆ. ಎರಡೂ ಕಡೆ ಅಲಂಕಾರ ಎರವಲು ತಂದದ್ದು. ತಮ್ಮದೇ ವಾದದಿಂದ ಹುಟ್ಟಿದಲ್ಲಿ ಅದು ಬಿಗಿಯಾಗಿದೆ.

ಕೊನೆಯ ವಾಕ್ಯಗಳಲ್ಲಿ ಲಿಂಕನ್ನನ ಮಾತು ಇನ್ನೊಮ್ಮೆ ಬರುತ್ತದೆ, ಮೊದಲು ಇಡಿಯಾಗಿ, ಆಮೇಲೆ ಬಿಡಿಯಾಗಿ. ಎರಡನೆಯ ಜನವರಿ 26ರ ಜೊತೆ ಪೂರ್ಣವಾಗಿ ಬಂದಿದ್ದ ‘ಜನರ, ಜನರಿಂದ, ಜನರಿಗಾಗಿ’ ಎಂಬುದನ್ನು ಇಲ್ಲಿ ಬಿಡಿಸಿ, ಜನರಿಂದ ನಡೆಯುವ ಸರ್ಕಾರಕ್ಕಿಂತ ಜನರಿಗಾಗಿ ನಡೆಯುವ ಸರ್ಕಾರವೇ ಸಾಕೆಂದು ಜನ ಭಾವಿಸುವಂತೆ ಮಾಡುವ ಕೇಡುಗಳನ್ನು ಗುರುತಿಸಲು ತಡಮಾಡಬಾರದು, ಅವನ್ನು ಕಿತ್ತೊಗೆಯಲು ಹಿಂಜರಿಯಬಾರದು ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸ ಇರುವುದು ಒಂದು ವಿಭಕ್ತಿಯಲ್ಲಿ: ‘ಇಂದ’ ಹೋಗಿ ‘ಗಾಗಿ’ ಬಂದರೆ ಪ್ರಜೆ ಫಲಾನುಭವಿಯಾಗುತ್ತಾನೆ. ಆಮೇಲೆ ಅವರು ಹೇಳಿದ್ದು ಇಷ್ಟೇ: ದೇಶಸೇವೆಗೆ ಇದೊಂದೇ ದಾರಿ, ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ಮರುದಿನ ಸಭೆ ಸಂವಿಧಾನವನ್ನು ಅಂಗೀಕರಿಸಿತು.

ಎರಡು ವರ್ಷ ತುಂಬುವ ಮೊದಲೇ ಅವರು ಕಾನೂನು ಮಂತ್ರಿಯ ಹುದ್ದೆಗೆ ರಾಜೀನಾಮೆ ಕೊಟ್ಟರು. ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟದ್ದು ಅದರ ಮುಖ್ಯ ಕಾರಣಗಳಲ್ಲೊಂದು. 1951ರ ಅಕ್ಟೋಬರಿನಲ್ಲಿ, ತಮ್ಮ ಹೇಳಿಕೆಯ ಪ್ರತಿಯನ್ನು ಮೊದಲೇ ಕೊಡಬೇಕೆಂದು ಕೇಳಿದಾಗ ಅದನ್ನು ಸದನದಲ್ಲಿ ಓದದೆ ಹೊರನಡೆದು ಪತ್ರಿಕೆಗಳಿಗೆ ಕೊಟ್ಟರು. ವರ್ಗ ವರ್ಗಗಳ ನಡುವಿನ, ಗಂಡು ಹೆಣ್ಣಿನ ನಡುವಿನ ಅಸಮಾನತೆಯನ್ನು ಮುಟ್ಟದೆ ಆರ್ಥಿಕ ಸಮಸ್ಯೆಗಳ ಬಗ್ಗೆ ಕಾನೂನು ಮಾಡುತ್ತ ಹೋಗುವುದೆಂದರೆ ಸಂವಿಧಾನವನ್ನು ಅಣಕವಾಗಿಸುವುದು, ಸಗಣಿಯ ಗುಡ್ಡೆಯ ಮೇಲೆ ಅರಮನೆ ಕಟ್ಟುವುದು ಎಂದು ಅದರಲ್ಲಿತ್ತು. ಶ್ರಮದಿಂದ ಕಟ್ಟಿದ ಆ ಕಟ್ಟಡಕ್ಕೆ ಅವರು ಮರಳಿ ಬಂದದ್ದು ಈ ಮಾತಿನೊಂದಿಗೆ.